ಬಾಲ್ಬೆಕ್‌ಗೆ ಹೋಗಬಹುದೇ?

ಲೆಬನಾನಿನ ಬಾಲ್ಬೆಕ್‌ನಲ್ಲಿರುವ ರೋಮನ್ ದೇವಾಲಯಗಳನ್ನು ನೋಡುವ ಆಸೆಯಿದೆ, ಹೋದರೆ ಅಪಾಯವೇ ಎಂದು ಕೇಳಿದ್ದೀರಿ. ನಾನು 2018ರಲ್ಲಿ ಹೋಗಿ ಬಂದವನು. ಆ ಅನುಭವವನ್ನು ನಂಬಿ ಇಂದು ನಿಮಗೆ ‘ಹೊರಡಿ’ ಎನ್ನಲಾರೆ. 2024ರ ಅಕ್ಟೋಬರ್ 30ರಂದು ಇಸ್ರೇಲ್ ಸೇನೆ ಇಡೀ ಊರನ್ನೇ ಖಾಲಿ ಮಾಡಲು ಹೇಳಿತು. ವಾರ ಕಳೆಯುವುದರೊಳಗೆ ದೇವಾಲಯದ ಮಗ್ಗುಲಲ್ಲಿದ್ದ ಒಟ್ಟೋಮನ್ ಕಾಲದ ಕಟ್ಟಡವೊಂದು ಬಾಂಬಿಗೆ ಕುಸಿಯಿತು. ಆ ಚಿತ್ರ ನೋಡಿದ ದಿನ ನನಗೆ ಅನ್ನ ಸೇರಲಿಲ್ಲ. ಇಸ್ರೇಲಿಗೂ ಲೆಬನಾನಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾಗೂ ನಡುವೆ ಆ ನವೆಂಬರಿನಲ್ಲಿ ಆದ ಕದನವಿರಾಮದ ನಂತರವೂ, ಬಾಲ್ಬೆಕ್ ಇರುವ ಬೆಕಾ ಕಣಿವೆಯ ಮೇಲೆ ದಾಳಿಗಳು ನಡೆದಿವೆ.

ಬೈರುತ್‌ನಿಂದ ಸುಮಾರು 85 ಕಿಲೋಮೀಟರ್. ಘಟ್ಟ ಹತ್ತಿ ಇಳಿಯಬೇಕು, ದಾರಿಯಲ್ಲಿ ಸೇನೆಯ ತಪಾಸಣೆ ಇರುತ್ತದೆ. ಪಾಸ್‌ಪೋರ್ಟ್ ಕೈಯಲ್ಲಿರಲಿ, ಸೈನಿಕರ ಫೋಟೊ ತೆಗೆಯಬೇಡಿ. ಪಾಸ್‌ಪೋರ್ಟಿನಲ್ಲಿ ಇಸ್ರೇಲಿನ ಮುದ್ರೆಯಿದ್ದರೆ ದೇಶದೊಳಗೇ ಬಿಡುವುದಿಲ್ಲ. ಪ್ರಯಾಣ ವಿಮೆ ಯುದ್ಧದ ಹಾನಿಗೂ ಸಲ್ಲುತ್ತದೆಯೇ ಎಂದು ಓದಿ ನೋಡಿ, ಸಾಮಾನ್ಯವಾಗಿ ಸಲ್ಲುವುದಿಲ್ಲ.

ಇಷ್ಟಾದರೂ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಜುಪಿಟರ್ ಗುಡಿಯ 54 ಕಂಬಗಳಲ್ಲಿ ಈಗ ನಿಂತಿರುವುದು ಆರೇ. ಒಂದೊಂದೂ ಸುಮಾರು 20 ಮೀಟರ್ ಎತ್ತರ. ಎಲ್ಲರೂ ಅವುಗಳ ಚಿತ್ರ ತೆಗೆದು ಹೊರಡುತ್ತಾರೆ. ನೀವು ಮಾತ್ರ ಪಕ್ಕದ ಬ್ಯಾಕಸ್ ಗುಡಿಯಲ್ಲಿ ಹೆಚ್ಚು ಹೊತ್ತು ಇರಿ. ಅದರ ಗೋಡೆಗಳು ಬಹುಪಾಲು ಹಾಗೆಯೇ ಉಳಿದಿವೆ. ಬಾಗಿಲ ಮೇಲಿನ ನಡುಗಲ್ಲು 1759ರ ಭೂಕಂಪದಲ್ಲಿ ಕೆಳಗೆ ಜಾರಿ, ಬಹುಕಾಲ ಹಾಗೆಯೇ ಜೋತುಬಿದ್ದಿತ್ತು. ಆಮೇಲೆ ಅದನ್ನು ಮೇಲಕ್ಕೆತ್ತಿ ಕೂರಿಸಿದರು. ಅದರ ತಳದಲ್ಲಿ ಹದ್ದಿನ ಕೆತ್ತನೆಯಿದೆ, ಕತ್ತೆತ್ತಿ ನೋಡಿ. ಚಾವಣಿಯಿಂದ ಬಿದ್ದ ಚಪ್ಪಡಿಗಳು ನೆಲದಲ್ಲೇ ಇವೆ. ಮೇಲಿದ್ದಾಗ ಯಾರ ಕಣ್ಣಿಗೂ ಸರಿಯಾಗಿ ಬೀಳದಿದ್ದ ಬಳ್ಳಿಯ ಎಲೆಗಳನ್ನು ಶಿಲ್ಪಿ ಎಷ್ಟು ಜತನದಿಂದ ಬಿಡಿಸಿದ್ದಾನೆ ಎಂಬುದು ಅಲ್ಲಿ ಕುಳಿತಾಗಲೇ ನನಗೆ ತಿಳಿದದ್ದು. ಊರಾಚೆಯ ಕಲ್ಲುಗಣಿಯಲ್ಲಿ ಸುಮಾರು ಸಾವಿರ ಟನ್ನಿನ ‘ಗರ್ಭಿಣಿಯ ಕಲ್ಲು’ ಕಡಿದಲ್ಲೇ ಬಿದ್ದಿದೆ, ಅದನ್ನೂ ಬಿಡಬೇಡಿ.

ಹೋಗುವುದೇ ಆದರೆ ಬೆಕಾದವರೇ ಆದ ಚಾಲಕರನ್ನು ಗೊತ್ತುಮಾಡಿಕೊಳ್ಳಿ. ನಾವು ಮಂಗಳವಾರ ಹೊರಡಬೇಕಿತ್ತು. ನಮ್ಮ ಚಾಲಕರು ಬೆಳಿಗ್ಗೆಯೇ ಫೋನ್ ಮಾಡಿ, “ಇಂದು ಬೇಡ, ಗುರುವಾರ ಬರುತ್ತೇನೆ” ಎಂದರು. ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗುರುವಾರ ಹೋಗಿ, ಕತ್ತಲಾಗುವ ಮೊದಲೇ ಬೈರುತ್ ಸೇರಿದೆವು. ನಿಮ್ಮ ಚಾಲಕರೂ ಬೇಡವೆಂದರೆ ವಾದಿಸಬೇಡಿ. ಆ ದಿನ ಬೈರುತ್‌ನ ಈಶಾನ್ಯಕ್ಕಿರುವ ಬೆಟ್ಟದ ಮೇಲಿನ ಫಕ್ರಾಕ್ಕೆ ಹೋಗಬಹುದೇ ಎಂದು ಅವರನ್ನೇ ಕೇಳಿ. ಅಲ್ಲಿಯೂ ಒಂದು ರೋಮನ್ ಗುಡಿಯಿದೆ.