ಟಿಬೆಟನ್ ‘ಸೊ’, ಬರ್ಮೀಸ್ ‘ಥ್ವಾ’: ಎರಡೂ ‘ಹಲ್ಲು’ ಹೇಗೆ?

ಒಂದೇ ಭಾಷಾಕುಟುಂಬದ ಟಿಬೆಟನ್ ಮತ್ತು ಬರ್ಮೀಸ್ ಪದಗಳ ಪಟ್ಟಿಯೊಂದನ್ನು ಕಳಿಸಿ, ‘ಹಲ್ಲು’ ಎಂಬರ್ಥದ ‘ಸೊ’ ಮತ್ತು ‘ಥ್ವಾ’ ಹೇಗೆ ಒಂದೇ ಮೂಲದವು ಎಂದು ಕೇಳಿದ್ದೀರಿ. ಈ ಎರಡು ಪದಗಳ ನಂಟು ನಿಮಗೆ ಕಾಣದಿರಲು ಕಾರಣ, ಬಹುಶಃ ನೀವು ಬರ್ಮೀಸಿನ ಇಂದಿನ ಉಚ್ಚಾರಣೆಯನ್ನೇ ಹೋಲಿಕೆಗೆ ತೆಗೆದುಕೊಂಡಿರುವುದು.

ಮೊದಲು ಕಾಗುಣಿತ ನೋಡಿ. ಬರ್ಮೀಸಿನಲ್ಲಿ ಅದನ್ನು ‘ಸ್ವಾ’ ಎಂದೇ ಬರೆಯುತ್ತಾರೆ. ಅಲ್ಲಿ ಹಳೆಯ ಸಕಾರವು ನಾಲಿಗೆಯ ತುದಿ ಹಲ್ಲಿಗೆ ತಾಗುವ, ಥಕಾರವನ್ನು ಹೋಲುವ ಧ್ವನಿಯಾಗಿ, ಹಳೆಯ ಚಕಾರವು ಸಕಾರವಾಯಿತು. ಪಾಲಿ ಭಾಷೆಯ ‘ಸಾಸನ’ (ಬುದ್ಧನ ಬೋಧನೆ) ಬರ್ಮೀಸ್ ಮಾತನಾಡುವವರ ಬಾಯಲ್ಲಿ ‘ಥಾಥನಾ’ ಆಗುವುದೂ, ‘ತಿನ್ನು’ ಎಂಬರ್ಥದ ‘ಚಾ’ ಎಂಬ ಬರಹವನ್ನು ‘ಸಾ’ ಎಂದು ಓದುವುದೂ ಇದರಿಂದಲೇ. ನಮ್ಮ ‘ಹಾಲು’ ಪದವನ್ನು ತಮಿಳಿನೊಂದಿಗೆ ಹೋಲಿಸುವಾಗ ಹಳಗನ್ನಡದ ‘ಪಾಲ್’ ರೂಪಕ್ಕೆ ಹೋಗುವಂತೆಯೇ ಇದು. ಬದಲಾವಣೆ ನಡೆದ ಶತಮಾನವನ್ನು ಕಾಗುಣಿತದಿಂದ ಖಚಿತಪಡಿಸಲಾಗದು, ಏಕೆಂದರೆ ಅಕ್ಷರ ಹಾಗೆಯೇ ಉಳಿಯಿತು.

ಅನಂತರ ಸ್ವರವನ್ನು ಗಮನಿಸಿ. ಇಲ್ಲಿ ಬದಲಾದದ್ದು ಟಿಬೆಟನ್: ಹಿಂದಿನ ‘ವ’ ಅಲ್ಲಿ ‘ಒ’ ಆಗಿದೆ. ಗೇಣಿಗೆ ಟಿಬೆಟನ್ ಬರಹದಲ್ಲಿ ‘ಮ್ಥೊ’, ಬರ್ಮೀಸಿನಲ್ಲಿ ‘ಥ್ವಾ’ ಎಂದಿರುವುದು ಇದಕ್ಕೆ ಸಾಕ್ಷಿ. ಆದರೆ ಗೇಣಿನ ಈ ‘ಥ್ವಾ’ದಲ್ಲಿರುವುದು ನಿಜವಾದ ಮಹಾಪ್ರಾಣ ಥಕಾರ, ಹಲ್ಲಿನ ಪದದೊಂದಿಗೆ ದಯವಿಟ್ಟು ಬೆರೆಸಬೇಡಿ.

ಕೊನೆಗೆ, ಟಿಬೆಟನ್ ಪದದ ಆದಿಯಲ್ಲಿ ಪೂರ್ವಪ್ರತ್ಯಯವಿದ್ದರೆ ಅದನ್ನು ಬದಿಗಿಟ್ಟು ಹೋಲಿಸಿ: ‘ಮೂರು’ ಎಂಬರ್ಥದ ‘ಗ್ಸುಮ್’ ಪದದಿಂದ ಗಕಾರ ಕಳೆದರೆ ಬರ್ಮೀಸ್ ಬರಹದ ‘ಸುಂ’ ನೇರವಾಗಿ ಹೊಂದುತ್ತದೆ. ನಿಮ್ಮ ಪಟ್ಟಿಯ ಉಳಿದ ಪದಗಳನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಿ.