ಕಿರುಚಿತ್ರದಲ್ಲಿ ರೈಫಲ್ ಸ್ಕೋಪಿನ ನೋಟವನ್ನು ಎಡಿಟಿಂಗ್‌ನಲ್ಲಿ ನೈಜವಾಗಿ ಮೂಡಿಸುವುದು ಹೇಗೆ?
ಬೀದರ್ ಕೋಟೆಯ ಬುರುಜಿನಿಂದ ಚಿತ್ರಿಸಿದ ದೃಶ್ಯಕ್ಕೆ ಕಪ್ಪು ವೃತ್ತ ಮತ್ತು ಗುರಿಗೆರೆಗಳನ್ನು ಸೇರಿಸಿದರೂ ಅದು ಅಂಟಿಸಿದಂತೆ ಕಾಣುತ್ತಿದೆ ಎಂದು ಕೇಳಿದ್ದೀರಿ. ವೃತ್ತ, ಗೆರೆ, ದೃಶ್ಯ ಮೂರೂ ಒಂದೇ ಪದರದಂತೆ ನಿಶ್ಚಲವಾಗಿರುವುದೇ ಇದಕ್ಕೆ ಮುಖ್ಯ ಕಾರಣ.

ನಿಜವಾದ ಸ್ಕೋಪಿನಲ್ಲಿ ಗೆರೆಗಳು ನಡುವೆಯೇ ನಿಂತಿರುತ್ತವೆ, ಅವುಗಳ ಹಿಂದಿನ ಜಗತ್ತು ತೂಗಾಡುತ್ತದೆ. ಆದ್ದರಿಂದ ದೃಶ್ಯದ ಪದರವನ್ನು ಸರಿಸಿದಾಗ ಅಂಚು ಕಾಣದಂತೆ ಶೇ. 110ರಷ್ಟು ಹಿಗ್ಗಿಸಿ, ಉಸಿರಾಟದ ಲಯಕ್ಕೆ ಹೊಂದುವಂತೆ ಮೂರರಿಂದ ಐದು ಸೆಕೆಂಡಿಗೊಮ್ಮೆ ನಿಧಾನವಾಗಿ ಏರಿಳಿಯುವಂತೆ ಕೀಫ್ರೇಮ್ (ಯಾವ ಕ್ಷಣದಲ್ಲಿ ಪದರ ಎಲ್ಲಿರಬೇಕೆಂದು ಸೂಚಿಸುವ ಗುರುತು) ಕೊಡಿ. ಏರಿಳಿತ ಪ್ರತಿ ಸಲವೂ ಒಂದೇ ಅಳತೆಯದಾಗಿರಬಾರದು. ಕಣ್ಣು ಮಸೂರದ ನೇರದಿಂದ ಸರಿದಾಗ ಒಂದು ಬದಿಯಲ್ಲಿ ಅರ್ಧಚಂದ್ರಾಕಾರದ ನೆರಳು ಕವಿಯುತ್ತದೆ. ಮಾಸ್ಕಿನ, ಅಂದರೆ ಕಪ್ಪು ವೃತ್ತದ ಪದರದ, ಅಂಚನ್ನು ಫೆದರ್‌ನಿಂದ (ಅಂಚನ್ನು ಕ್ರಮೇಣ ಮಸುಕಾಗಿಸುವ ಆಯ್ಕೆ) ಮೃದುಗೊಳಿಸಿ, ಆ ಮಾಸ್ಕನ್ನು ದೃಶ್ಯದ ಚಲನೆಗಿಂತ ಕೆಲವು ಫ್ರೇಮ್ ತಡವಾಗಿ ಸರಿಸಿದರೆ ಈ ನೆರಳು ಮೂಡುತ್ತದೆ. ನನ್ನ ದೃಷ್ಟಿಯಲ್ಲಿ ನೈಜತೆಯ ಬಹುಪಾಲು ಇಲ್ಲಿಯೇ ಇದೆ.

4ಕೆಯಲ್ಲಿ (ಉದ್ದಗಲ ಎರಡರಲ್ಲೂ 1080ಪಿಯ ಎರಡರಷ್ಟು ಪಿಕ್ಸೆಲ್‌ಗಳಿರುವ ಗಾತ್ರ) ಚಿತ್ರಿಸಿದ್ದರೆ 1080ಪಿ ಟೈಮ್‌ಲೈನಿನಲ್ಲಿ ಎರಡು ಪಟ್ಟು ಹಿಗ್ಗಿಸಿದರೂ ಸ್ಪಷ್ಟತೆ ಕೆಡುವುದಿಲ್ಲ. ವೃತ್ತದ ಅಂಚಿನಲ್ಲಿ ತುಸು ಮಸುಕು ಸಾಕು. ನಮ್ಮ ಭಾಗದ ಬೇಸಿಗೆಯ ಮಧ್ಯಾಹ್ನದ ದೃಶ್ಯವಾದರೆ, ಬಿಸಿಗಾಳಿಯಲ್ಲಿ ದೂರದ ಕೆಂಪು ಜಂಬಿಟ್ಟಿಗೆಯ ಗೋಡೆ ನಡುಗುವಂತೆ ಕಾಣಲು ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದ ಟರ್ಬ್ಯುಲೆಂಟ್ ಡಿಸ್‌ಪ್ಲೇಸ್ (ಚಿತ್ರವನ್ನು ಅಲೆಯಂತೆ ಅಲುಗಿಸುವ ಎಫೆಕ್ಟ್) ಅನ್ನು ಅತಿ ಕಡಿಮೆ ಪ್ರಮಾಣದಲ್ಲಿ ದೃಶ್ಯದ ಪದರಕ್ಕೆ ಮಾತ್ರ ಅನ್ವಯಿಸಿ; ಗುರಿಗೆರೆಗಳು ನಡುಗಬಾರದು.