ಎಲಿಯಟ್ ಕೌಂಟಿ ಕಥೆಯೇ ಬೇರೆ
ಅಮೆರಿಕದ ಹಳ್ಳಿಗಾಡು ಮೊದಲಿಂದಲೂ ರಿಪಬ್ಲಿಕನ್ನರದ್ದೇನಾ ಅಂತ ಕೇಳಿದ್ದೀರಿ. ಇಲ್ಲ. ಕೆಂಟಕಿ ರಾಜ್ಯದ ಎಲಿಯಟ್ ಕೌಂಟಿಯನ್ನೇ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ನೋಡಿ. ಏಳು ಸಾವಿರ ಚಿಲ್ಲರೆ ಜನ, ಬಹುತೇಕ ಬಿಳಿಯರು, ತಂಬಾಕು ಬೆಳೆದ ಗುಡ್ಡಗಾಡು. 1869ರಲ್ಲಿ ಹುಟ್ಟಿದ ಈ ಕೌಂಟಿ 2012ರ ತನಕ ಒಂದೇ ಒಂದು ಅಧ್ಯಕ್ಷ ಚುನಾವಣೆಯಲ್ಲೂ ಡೆಮಾಕ್ರಟಿಕ್ ಪಕ್ಷದ ಕೈಬಿಡಲಿಲ್ಲ, 2008ರಲ್ಲಿ ಒಬಾಮಾಗೆ ಶೇ. 61ರಷ್ಟು ವೋಟು ಬಿದ್ದಿತ್ತು. 2016ರಲ್ಲಿ ನೋಡಿದರೆ ಟ್ರಂಪ್‌ಗೆ ಶೇ. 70! ಎಂಟೇ ವರ್ಷದಲ್ಲಿ. ಅಲ್ಲಿ ಮತದಾರರ ಪಟ್ಟಿಗೆ ಸೇರುವಾಗ ತಮ್ಮ ಪಕ್ಷ ಯಾವುದು ಅಂತಲೂ ಬರೆಸಬಹುದು. ತಮಾಷೆ ಅಂದರೆ, ಆ ಪಟ್ಟಿಯಲ್ಲಿ ಆಗಲೂ ಹೆಚ್ಚಿನವರು ಡೆಮಾಕ್ರಟ್ ಅಂತಲೇ ಇದ್ದರು. ಅಪ್ಪ, ಅಜ್ಜನ ಕಾಲದ ಪಕ್ಷ, ಸುಮ್ನೆ ಹೆಸರು ಬದಲಾಯಿಸೋಕೆ ಯಾರು ಹೋಗುತ್ತಾರೆ ಅಲ್ವಾ? ಅವರಿಗೆ ಸಿಟ್ಟು ಜಾಸ್ತಿ ಇದ್ದದ್ದು ವಾಷಿಂಗ್ಟನ್ ಮೇಲೆ, ಅಂದರೆ ರಾಷ್ಟ್ರಮಟ್ಟದ ರಾಜಕೀಯದ ಮೇಲೆ ಅಂತ ನನ್ನ ಅನಿಸಿಕೆ, ಯಾಕಂದರೆ 2019ರಲ್ಲಿ ರಾಜ್ಯದ ಗವರ್ನರ್ ಹುದ್ದೆಗೆ (ಅಲ್ಲಿ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ನಿಂತ ಡೆಮಾಕ್ರಟ್ ಆ್ಯಂಡಿ ಬೆಷಿಯರ್‌ಗೆ ಇದೇ ಜನ ಮತ್ತೆ ಬಹುಮತ ಕೊಟ್ಟರು.